ಗೂಡು ಒಂದು ತಿಂಗಳು ಖಾಲಿ ಇರಲಿ, ಆಮೇಲೆ ಮರಿ ತರ್ರಿ

ಕೋಳಿ ಸತ್ತ ವಾರದಲ್ಲೇ ಹೊಸ ಮರಿ ತರಬ್ಯಾಡ್ರಿ. ಆ ತಪ್ಪು ಮಾಡಿ ಒಂದೇ ಬೇಸಿಗೆಯಲ್ಲಿ ಎರಡು ಸಲ ಗೂಡು ಖಾಲಿ ಮಾಡಿಕೊಂಡವನು ನಾನು.

ಕಮಲಾಪುರದ ಹತ್ತಿರ ನಮ್ಮ ಹೊಲ. ಕೆಂಪು ಬಾಳೆ, ತೊಗರಿ, ಬದಿಗೆ 26 ಜವಾರಿ ಕೋಳಿ. ಲಾಭಕ್ಕಂತ ಸಾಕಿದ್ದಲ್ಲ. ಆದರೆ ತತ್ತಿ ಮಾರಿದ ರೊಕ್ಕ ಅವ್ವಂದು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಹೋದಾಗ ಬಳೆ ಇಡಿಸಿಕೊಳ್ಳೋದು, ಮೊಮ್ಮಕ್ಕಳಿಗೆ ಮಿಠಾಯಿ ಕೊಡಿಸೋದು ಅದರಾಗೇ.

ಹೋದ ವರ್ಷ ಜಾತ್ರೆ ಮುಗಿದ ಮೇಲೆ ಸಂತೆಯಿಂದ ಎರಡು ಹೇಂಟೆ ತಂದು ನೇರ ಗೂಡಿಗೆ ಬಿಟ್ಟೆ. ಐದಾರು ದಿನಕ್ಕೆ ಕೋಳಿಗಳು ಹಸಿರು ಹಿಕ್ಕೆ ಹಾಕತೊಡಗಿದವು, ಬಾಯಿ ತೆರೆದು ಉಸಿರಾಡಿದವು, ಕೆಲವಕ್ಕೆ ಕತ್ತು ತಿರುಚಿಕೊಂಡಿತು. ಮುಂದಿನ ವಾರದೊಳಗೆ ಉಳಿದದ್ದು ಮೂರೇ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಅಂದರು ಪಶುವೈದ್ಯರು. ಖಾಲಿ ಗೂಡು ನೋಡಲಾಗದೆ ಹತ್ತೇ ದಿನಕ್ಕೆ 15 ಮರಿ ತಂದೆ. ಅವೂ ಹೋದವು.

"ಓದಿದವ ನೀ, ಲಸಿಕೆ ಯಾಕ ಹಾಕಿಸಲಿಲ್ಲ?" ಅಂದಳು ಅವ್ವ.

ನನ್ನ ತಲೆಯಲ್ಲಿ ಎರಡು ನಂಬಿಕೆ ಇದ್ದವು. ಜವಾರಿ ಕೋಳಿ ಗಟ್ಟಿ, ಅದಕ್ಕೆ ಲಸಿಕೆ ಬೇಡ ಅನ್ನೋದು ಒಂದು. ಸಾವಯವ ಅಂದರೆ ಲಸಿಕೆ ಹಾಕಬಾರದು ಅನ್ನೋದು ಇನ್ನೊಂದು. ಎರಡೂ ತಪ್ಪು. ಜವಾರಿ ಕೋಳಿ ನಮ್ಮ ಬಿಸಿಲು ತಡೀಬಹುದು, ಈ ವೈರಸ್ ತಡೆಯಲ್ಲ. ರೋಗ ಬಂದ ಮೇಲೆ ಔಷಧಿಯೂ ಇಲ್ಲ. ತಳಿ ಬದಲಿಸಿದರೆ ಸಾಕು ಅನ್ನೋರಿದ್ದಾರೆ. ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಒಳ್ಳೆ ತಳಿಯೇ, ಆದರೆ ಲಸಿಕೆ ಇಲ್ಲದಿದ್ದರೆ ಅದೂ ಉಳಿಯಲ್ಲ. ಇನ್ನು ಸಾವಯವದ ಮಾತು: ನಮ್ಮ ದೇಶದ ಸಾವಯವ ಮಾನದಂಡ ಎನ್‌ಪಿಒಪಿ ಕೂಡ, ಆ ಭಾಗದಲ್ಲಿ ಕಾಡುವ ರೋಗಕ್ಕೆ ಲಸಿಕೆ ಹಾಕಲು ಒಪ್ಪುತ್ತದೆ.

ಹಾಗಾದರೆ ಹೊಸದಾಗಿ ಶುರು ಮಾಡೋದು ಹೇಗೆ? ಸತ್ತ ಕೋಳಿಗಳನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳ್ರಿ. ಹಳ್ಳಕ್ಕೆ, ತಿಪ್ಪೆಗೆ ಎಸೆದರೆ ನಾಯಿ ಎಳೆದು ಊರಿಗೆಲ್ಲ ಹಂಚ್ತಾವ. ಗೂಡಿನ ಹೊಟ್ಟು, ಹಿಕ್ಕೆ ಪೂರ್ತಿ ಕೆರೆದು ತೆಗೀರಿ, ವೈರಸ್ ವಾರಗಟ್ಟಲೆ ಉಳಿಯೋದು ಅದರಲ್ಲೇ. ಆಮೇಲೆ ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಸುಣ್ಣ ಬಳಿದು, ಕನಿಷ್ಠ ಒಂದು ತಿಂಗಳು ಖಾಲಿ ಬಿಡ್ರಿ. ಏಪ್ರಿಲ್‌–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲು ಈ ಕೆಲಸಕ್ಕೆ ಒಳ್ಳೇದು. ಎಳೆ ಮರಿಗೆ ಅದೇ ಬಿಸಿಲು ಕೆಟ್ಟದ್ದು. ಹಾಗಾಗಿ ಮಳೆ ಬಿದ್ದ ಮೇಲೆ ಮರಿ ತಂದರೆ ಎರಡೂ ಕೂಡಿ ಬರ್ತದ.

ಮರಿಗೆ 5–7 ದಿನವಾದಾಗ ಲಸೋಟಾ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ. ಎಂಟನೇ ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ಇದನ್ನು ಎಳೆ ಮರಿಗೆ ಹಾಕಲೇಬಾರದು. ಲಸಿಕೆಯನ್ನು ಮಂಜುಗಡ್ಡೆಯಲ್ಲಿಟ್ಟು ತರ್ರಿ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸ್ರಿ. ಹೊರಗಿನಿಂದ ದೊಡ್ಡ ಕೋಳಿ ತಂದರೆ ಮೂರು ವಾರ ಬೇರೆ ಕಡೆ ಇಡ್ರಿ.

"ನನ್ನ ಹತ್ತು ಕೋಳಿಗೆ ನೂರು ಡೋಸಿನ ಬಾಟ್ಲಿ ಯಾಕ?" ಅಂತ ಕೇಳ್ತೀರಿ. ಈ ಪ್ರಶ್ನೆ ಸರಿಯಾದದ್ದೇ. ಸಣ್ಣ ಸಾಕಣೆದಾರರು ಲಸಿಕೆ ಬಿಡೋದು ಇದಕ್ಕೇ. ನನ್ನ ಉತ್ತರ: ಬಾಟ್ಲಿ ಒಬ್ಬರಿಗಲ್ಲ, ಓಣಿಗೆ ತರ್ರಿ. ಪಕ್ಕದ ಮನೆ ಕೋಳಿಗೆ ಲಸಿಕೆ ಇಲ್ಲದಿದ್ದರೆ ರೋಗ ನಿಮ್ಮ ಬೇಲಿ ತನಕ ಬಂದೇ ಇರ್ತದ. ನಾವು ಆರು ಮನೆಯವರು ವಾಟ್ಸಾಪ್‌ನಲ್ಲಿ ದಿನ ಗೊತ್ತು ಮಾಡಿ, ಒಂದೇ ದಿನ ಸಂಜೆ ಲಸಿಕೆ ಹಾಕಿಸಿದೆವು. ಖರ್ಚು ಹಂಚಿಕೊಂಡಾಗ ಒಂದು ಕೋಳಿಗೆ ಬಿದ್ದದ್ದು ಒಂದು ತತ್ತಿಯ ಬೆಲೆಗಿಂತ ಕಡಿಮೆ.

ಜುಲೈದಾಗ ತಂದ 12 ಮರಿಗಳಲ್ಲಿ ಒಂದು ಬೆಕ್ಕಿನ ಪಾಲಾಯಿತು, 11 ಉಳಿದಾವ. ಈ ಸಲದ ಜಾತ್ರೆಯಲ್ಲಿ ಅವ್ವ ತನ್ನ ರೊಕ್ಕದಾಗೇ ಬಳೆ ಇಡಿಸಿಕೊಂಡಳು.

ನಿಮ್ಮ ಗೂಡೂ ಖಾಲಿ ಆಗಿದ್ದರೆ, ಮರಿ ಎಲ್ಲಿ ಸಿಗ್ತಾವ ಅಂತ ಫೋನಿನಲ್ಲಿ ಹುಡುಕೋ ಮೊದಲು ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡ್ರಿ. ಲಸಿಕೆ ಯಾವಾಗ ಸಿಗ್ತದ ಅಂತ ಕೇಳ್ರಿ. ಮರಿ ತರೋ ದಿನ ಆಮೇಲೆ ಗೊತ್ತು ಮಾಡೋಣ.