ಟೆನ್ನಿಸ್ ಆಟದಲ್ಲಿ ಸ್ತ್ರೀಪುರುಷರ ದೇಹಭೇದ

ನಮ್ಮ ಓದುಗರಲ್ಲೊಬ್ಬರು ಬರೆದ ಕಾಗದಕ್ಕೆ ಈ ತಿಂಗಳು ಉತ್ತರ ಕೊಡಬೇಕೆಂದು ಕುಳಿತಿದ್ದೇವೆ. ಅವರಿಗೆ ಇಬ್ಬರು ಮಕ್ಕಳು. ಹದಿನಾಲ್ಕು ವರ್ಷದ ಮಗ, ಹನ್ನೆರಡೂವರೆ ವರ್ಷದ ಮಗಳು. ಇಬ್ಬರೂ ನಾಲ್ಕು ವರ್ಷಗಳಿಂದ ಸಾಯಂಕಾಲ ಟೆನ್ನಿಸ್ ಆಡಲು ಹೋಗುತ್ತಾರೆ. ಎರಡು ವರ್ಷಗಳ ಹಿಂದೆ ತಂಗಿಯು ಅಣ್ಣನನ್ನು ಸರಿಸಮನಾಗಿ ಎದುರಿಸಿ, ಎಷ್ಟೋ ಸಲ ಸೋಲಿಸಿಯೂ ಇದ್ದಳಂತೆ. ಈಗ ಒಂದು ಸೆಟ್ಟಿನಲ್ಲಿ ಎರಡು ಗೇಮುಗಳನ್ನು ಗೆಲ್ಲುವುದೂ ಅವಳಿಗೆ ಕಷ್ಟವಾಗಿದೆ. ಮನೆಗೆ ಬಂದು ಅಳುತ್ತಾಳೆ. ಅಜ್ಜಿಯವರು, “ಹೆಣ್ಣುಮಕ್ಕಳ ಮೈಗೆ ಒಗ್ಗುವ ಆಟವಲ್ಲ ಅದು, ದೊಡ್ಡವಳಾದಳು, ಇನ್ನು ಸಾಕುಮಾಡಿಸು” ಎನ್ನುತ್ತಾರೆ. “ದೇಹದಲ್ಲಿಯೇ ಭೇದವಿರುವಾಗ ಮುಂದುವರಿಸಿ ಪ್ರಯೋಜನವೇನು? ಬಿಡಿಸಿಬಿಡೋಣವೇ?” ಎಂದು ತಂದೆಯವರು ನಮ್ಮನ್ನು ಕೇಳಿದ್ದಾರೆ.

ಭೇದವೇ ಇಲ್ಲವೆಂದು ಹೇಳಿ ಹುಡುಗಿಯನ್ನು ಸಮಾಧಾನಪಡಿಸುವುದು ಸುಲಭ. ಆದರೆ ಅದು ನಿಜವಲ್ಲ. ಸುಳ್ಳಿನ ಮೇಲೆ ಕಟ್ಟಿದ ಧೈರ್ಯವು ಮುಂದಿನ ಸೋಲಿಗೇ ಕುಸಿದುಬೀಳುವುದು. ಆದಕಾರಣ ಇರುವ ಭೇದವನ್ನು ಇರುವಂತೆಯೇ ತಿಳಿದುಕೊಂಡು, ಆಮೇಲೆ ನಿರ್ಣಯಕ್ಕೆ ಬರೋಣ.

ಹತ್ತು ಹನ್ನೊಂದು ವಯಸ್ಸಿನವರೆಗೆ ಗಂಡು ಹೆಣ್ಣು ಮಕ್ಕಳ ಓಟದಲ್ಲಾಗಲಿ ಬಲದಲ್ಲಾಗಲಿ ಅಂತರವು ಅತ್ಯಲ್ಪ. ಹುಡುಗಿಯರು ಹುಡುಗರಿಗಿಂತ ಮೊದಲೇ ಬೆಳೆಯತೊಡಗುವುದರಿಂದ, ಆ ವಯಸ್ಸಿನಲ್ಲಿ ಅನೇಕ ಹುಡುಗಿಯರು ತಮ್ಮ ಓರಗೆಯ ಹುಡುಗರಿಗಿಂತ ಎತ್ತರವಾಗಿಯೂ ಇರುತ್ತಾರೆ. ಹನ್ನೆರಡು ಹದಿಮೂರರ ಸುಮಾರಿಗೆ ಹುಡುಗನು ಪ್ರಾಯಕ್ಕೆ ಬರಲು, ಅವನ ಶರೀರದಲ್ಲಿ ಟೆಸ್ಟೊಸ್ಟೆರೋನ್ ಎಂಬ ರಸವು ಉಕ್ಕಿಬರುತ್ತದೆ. ವಯಸ್ಸಿಗೆ ಬಂದ ಗಂಡಸಿನ ರಕ್ತದಲ್ಲಿ ಇದು ಹೆಂಗಸಿನಲ್ಲಿರುವುದಕ್ಕಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಇದರ ಪ್ರಭಾವದಿಂದ ಮಾಂಸಖಂಡಗಳು ದಪ್ಪವಾಗುತ್ತವೆ, ಭುಜಗಳು ಅಗಲವಾಗುತ್ತವೆ, ಎಲುಬುಗಳು ಉದ್ದವಾಗಿ ಗಟ್ಟಿಗೊಳ್ಳುತ್ತವೆ, ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹೀಮೋಗ್ಲೋಬಿನ್ ಹೆಚ್ಚುತ್ತದೆ. ಎತ್ತರಕ್ಕೆ ತಕ್ಕಂತೆ ಹೃದಯ ಶ್ವಾಸಕೋಶಗಳೂ ದೊಡ್ಡವಾಗುತ್ತವೆ. ಸಾಮಾನ್ಯವಾಗಿ ಹೆಂಗಸರ ಕಾಲಿನ ಬಲವು ಗಂಡಸರದರಲ್ಲಿ ಮೂರನೆಯ ಎರಡು ಪಾಲಿನಷ್ಟಾದರೂ ಇದ್ದರೆ, ತೋಳು ಭುಜಗಳ ಬಲವು ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಟೆನ್ನಿಸ್ ಆಟದಲ್ಲಿ ಚೆಂಡಿಗೆ ರಭಸವನ್ನು ಕೊಡುವುದರಲ್ಲಿ ಈ ಭುಜಕ್ಕೆ ದೊಡ್ಡ ಪಾಲುಂಟಷ್ಟೆ. ಆದುದರಿಂದ ನಮ್ಮ ಓದುಗರ ಮಗಳು ಎರಡು ವರ್ಷಗಳಲ್ಲಿ ಆಟವನ್ನು ಮರೆತಿಲ್ಲ. ಅವಳ ಅಣ್ಣನು ಪ್ರಾಯಕ್ಕೆ ಬಂದಿದ್ದಾನೆ, ಅಷ್ಟೆ.

ಈ ಭೇದವು ಟೆನ್ನಿಸಿನಲ್ಲಿ ಎದ್ದುಕಾಣುವುದಕ್ಕೆ ಬೇರೊಂದು ಕಾರಣವೂ ಉಂಟು. ಗುಂಡೆಸೆತದಲ್ಲಿ ಗಂಡಸರ ಗುಂಡು ೭.೨೬ ಕಿಲೋಗ್ರಾಂ, ಹೆಂಗಸರದು ೪ ಕಿಲೋಗ್ರಾಂ. ವಾಲಿಬಾಲಿನಲ್ಲಿ ಗಂಡಸರ ಬಲೆಯು ೨.೪೩ ಮೀಟರ್ ಎತ್ತರವಾದರೆ, ಹೆಂಗಸರದು ೨.೨೪ ಮೀಟರ್. ಟೆನ್ನಿಸಿನಲ್ಲಿ ಇಂಥ ಯಾವ ರಿಯಾಯಿತಿಯೂ ಇಲ್ಲ. ಅಂಗಳವು ಇಬ್ಬರಿಗೂ ೭೮ ಅಡಿ ಉದ್ದ. ಬಲೆಯು ಇಬ್ಬರಿಗೂ ನಡುವೆ ೩ ಅಡಿ ಎತ್ತರ. ಸರ್ವಿಸ್ ಮಾಡುವವರು ಬಲೆಯಿಂದ ೩೯ ಅಡಿ ದೂರದಲ್ಲಿ ನಿಂತು ಹೊಡೆದ ಚೆಂಡು, ಬಲೆಯನ್ನು ದಾಟಿ ಆಚೆ ೨೧ ಅಡಿಗಳೊಳಗೆ ಬೀಳಬೇಕು. ಚೆಂಡು ನೂಲು ಹಿಡಿದಂತೆ ನೇರವಾಗಿ ಹೋಗುವುದೆಂದು ಇಟ್ಟುಕೊಂಡರೆ, ಅದನ್ನು ನೆಲದಿಂದ ಸುಮಾರು ಎಂಟೂವರೆ ಅಡಿ ಎತ್ತರದಲ್ಲಿ ಹೊಡೆಯಬೇಕಾಗುತ್ತದೆಂದು ಶಾಲೆಯ ರೇಖಾಗಣಿತದಿಂದಲೇ ತಿಳಿಯಬಹುದು. ಕೈಚಾಚಿ ರ್ಯಾಕೆಟ್ಟನ್ನು ಎತ್ತಿದಾಗ ಮನುಷ್ಯನ ನಿಲುಕು ಅವನ ಎತ್ತರದ ಸುಮಾರು ಒಂದೂವರೆಯಷ್ಟು. ಐದೂವರೆ ಅಡಿಯ ಹೆಂಗಸಿಗೆ ಇದು ಎಂಟೂಕಾಲು ಅಡಿ. ಆರಡಿಯ ಗಂಡಸಿಗೆ ಒಂಬತ್ತು ಅಡಿ. ಭೂಮಿಯ ಆಕರ್ಷಣೆಯು ಚೆಂಡನ್ನು ಕೆಳಕ್ಕೆಳೆದು ಇಬ್ಬರಿಗೂ ಸಹಾಯಮಾಡುವುದು ನಿಜ. ಆದರೆ ವೇಗ ಹೆಚ್ಚಿದಷ್ಟೂ ಆ ಸಹಾಯವು ಕಡಮೆ. ಎತ್ತರದವರು ಬೀಸಿ ನೇರವಾಗಿ ಹೊಡೆಯಬಲ್ಲರು. ಎತ್ತರವಿಲ್ಲದವರು ಚೆಂಡನ್ನು ಸುತ್ತಿಸಿ, ಬಾಗಿಸಿ ಇಳಿಸುವ ಉಪಾಯವನ್ನು ಕಲಿಯಬೇಕು.

ಅಂಕಿಗಳು ಇದನ್ನೇ ಹೇಳುತ್ತವೆ. ಅಮೆರಿಕದ ಜಾನ್ ಇಸ್ನರ್ ೨೦೧೬ರಲ್ಲಿ ಡೇವಿಸ್ ಕಪ್ ಪಂದ್ಯವೊಂದರಲ್ಲಿ ಗಂಟೆಗೆ ೨೫೩ ಕಿಲೋಮೀಟರ್ ವೇಗದ ಸರ್ವಿಸ್ ಮಾಡಿದರು. ಸ್ಪೇಯ್ನಿನ ಜಾರ್ಜಿನಾ ಗಾರ್ಸಿಯಾ ಪೆರೆಸ್ ೨೦೧೮ರಲ್ಲಿ ಬುಡಾಪೆಸ್ಟಿನಲ್ಲಿ ೨೨೦ ಕಿಲೋಮೀಟರ್ ವೇಗವನ್ನು ಮುಟ್ಟಿದರು. ೧೯೯೮ರಲ್ಲಿ ಆಸ್ಟ್ರೇಲಿಯಾದ ಪಂದ್ಯಾವಳಿಯ ಸಮಯದಲ್ಲಿ, ಗಂಡಸರ ಪಟ್ಟಿಯಲ್ಲಿ ೨೦೩ನೆಯವರಾಗಿದ್ದ ಜರ್ಮನಿಯ ಕಾರ್ಸ್ಟನ್ ಬ್ರಾಶ್ ಎಂಬವರು ಸೆರೀನಾ ಮತ್ತು ವೀನಸ್ ವಿಲಿಯಮ್ಸ್ ಸೋದರಿಯರೊಡನೆ ಒಂದೊಂದು ಸೆಟ್ಟು ಆಡಿ, ಸೆರೀನಾರನ್ನು ೬–೧ರಿಂದಲೂ ವೀನಸ್‌ರನ್ನು ೬–೨ರಿಂದಲೂ ಸೋಲಿಸಿದರು. ಆಗ ಸೆರೀನಾರಿಗೆ ಹದಿನಾರು ವರ್ಷ. ಅಂದು ಒಂದೇ ಒಂದು ಗೇಮನ್ನು ಪಡೆದ ಆ ಹುಡುಗಿಯೇ ಮುಂದೆ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಒಟ್ಟು ೨೩ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಅಣ್ಣನಿಗೆ ಸೋತು ಅಳುವ ಹುಡುಗಿಗೆ ಇದನ್ನು ತಪ್ಪದೆ ಹೇಳತಕ್ಕದ್ದು.

ಇದಕ್ಕೆ ಪ್ರತಿಯಾಗಿ ಕೆಲವರು ೧೯೭೩ರ ಪಂದ್ಯವನ್ನು ಎತ್ತಿ ಆಡುವರು. ಆ ವರ್ಷ ಸೆಪ್ಟೆಂಬರ್ ೨೦ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ಮೂವತ್ತು ಸಾವಿರಕ್ಕೆ ಮೀರಿದ ಪ್ರೇಕ್ಷಕರ ಎದುರಿನಲ್ಲಿ, ಬಿಲ್ಲಿ ಜೀನ್ ಕಿಂಗ್ ಅವರು ಬಾಬಿ ರಿಗ್ಸ್ ಅವರನ್ನು ೬–೪, ೬–೩, ೬–೩ರಿಂದ ಸೋಲಿಸಿದರು. ಆದರೆ ರಿಗ್ಸ್‌ಗೆ ಆಗ ೫೫ ವರ್ಷ, ಕಿಂಗ್‌ಗೆ ೨೯. ಇದರಿಂದ ದೇಹಶಾಸ್ತ್ರದ ಯಾವ ಸಿದ್ಧಾಂತವೂ ಸ್ಥಾಪಿತವಾಗಲಿಲ್ಲ. ಹೆಂಗಸರ ಆಟಕ್ಕೆ ನೋಡುವವರಿಲ್ಲವೆಂಬ ಮಾತು ಮಾತ್ರ ಅಂದು ಸುಳ್ಳಾಯಿತು. ಆ ವರ್ಷವೇ ಅಮೆರಿಕದ ಮಹಾಪಂದ್ಯಾವಳಿಯು ಸ್ತ್ರೀಪುರುಷರಿಗೆ ಸಮನಾದ ಬಹುಮಾನವನ್ನು ಕೊಟ್ಟಿತು. ವಿಂಬಲ್ಡನ್ ಇದೇ ಹಾದಿಗೆ ಬರುವಾಗ ೨೦೦೭ ಆಗಿತ್ತು.

ನಿಸರ್ಗವು ಮಾಡಿದ ಭೇದ ಒಂದು. ಮನುಷ್ಯರು ಅದರ ಮೇಲೆ ಹೇರಿದ ಭೇದ ಮತ್ತೊಂದು. ಇವೆರಡನ್ನು ಬೇರ್ಪಡಿಸಿ ನೋಡುವುದೇ ನಮ್ಮ ಈ ಲೇಖನದ ಉದ್ದೇಶ. ಹೆಂಗಸರಿಗೆ ಐದು ಸೆಟ್ಟುಗಳ ಪಂದ್ಯವನ್ನು ಆಡುವ ತ್ರಾಣವಿಲ್ಲವೆಂದು ಬಹುಕಾಲ ಹೇಳುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ೧೮೯೧ರಿಂದ ೧೯೦೧ರವರೆಗೆ ಸ್ತ್ರೀಯರ ಅಂತಿಮ ಪಂದ್ಯಗಳು ಐದು ಸೆಟ್ಟುಗಳವಾಗಿದ್ದುವು. ೧೯೦೨ರಲ್ಲಿ ಅದನ್ನು ಮೂರಕ್ಕೆ ಇಳಿಸಿದಾಗ, ಹಿಂದಿನ ವರ್ಷ ಗೆದ್ದಿದ್ದ ಎಲಿಜಬೆತ್ ಮೂರ್ ಎಂಬಾಕೆಯೇ ಆಕ್ಷೇಪಿಸಿದರು. ಮುಂದೆ ೧೯೮೪ರಿಂದ ೧೯೯೮ರವರೆಗೆ ಸ್ತ್ರೀಯರ ವರ್ಷಾಂತ್ಯದ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ಮತ್ತೆ ಐದು ಸೆಟ್ಟುಗಳ ನಿಯಮವಿತ್ತು. ೧೯೯೦ರಲ್ಲಿ ಮೋನಿಕಾ ಸೆಲೆಸ್ ಮತ್ತು ಗಾಬ್ರಿಯೇಲಾ ಸಬಾಟಿನಿ ಐದು ಸೆಟ್ಟುಗಳನ್ನೂ ಪೂರ್ಣವಾಗಿ ಆಡಿದರು. ದೀರ್ಘಶ್ರಮದಲ್ಲಿ ಹೆಂಗಸರ ಮಾಂಸಖಂಡಗಳು ಗಂಡಸರವುಗಳಿಗಿಂತ ಅನೇಕ ವೇಳೆ ನಿಧಾನವಾಗಿ ದಣಿಯುತ್ತವೆಂದು ಶರೀರಶಾಸ್ತ್ರಜ್ಞರೂ ಕಂಡಿದ್ದಾರೆ. ಉಡುಪಿನ ಮಾತೂ ಹೀಗೆಯೆ. ೧೯೧೯ರಲ್ಲಿ ಫ್ರಾನ್ಸಿನ ಸೂಜಾನ್ ಲಾಂಗ್ಲೆನ್ ಸೊಂಟಕ್ಕೆ ಬಿಗಿಯುವ ಕಟ್ಟನ್ನು ಬಿಟ್ಟು, ಹಗುರವಾದ ಗಿಡ್ಡ ಉಡುಪಿನಲ್ಲಿ ವಿಂಬಲ್ಡನ್ನಿಗೆ ಬಂದು ಗೆದ್ದ ಮೇಲೆ, ಅಲ್ಲಿಯವರೆಗೆ ಹೆಂಗಸರ ಓಟವನ್ನು ತಡೆದಿದ್ದ ಕಾರಣಗಳಲ್ಲಿ ಉಡುಪಿಗೂ ಪಾಲಿತ್ತೆಂಬುದು ಸ್ಪಷ್ಟವಾಯಿತು.

ಇದಲ್ಲದೆ, ನಾವು ಹೇಳಿದ ಅಳತೆಗಳೆಲ್ಲವೂ ಸರಾಸರಿಯವು. ೧೮೮ ಸೆಂಟಿಮೀಟರ್ ಎತ್ತರದ ಮಾರಿಯಾ ಶರಪೋವಾರನ್ನು, ಗಂಡಸರಲ್ಲಿ ಮೊದಲ ಹತ್ತರೊಳಗೆ ನಿಂತಿದ್ದ ೧೭೦ ಸೆಂಟಿಮೀಟರಿನ ಡಿಯೇಗೊ ಶ್ವಾರ್ಟ್ಸ್‌ಮನ್ ತಲೆಯೆತ್ತಿ ನೋಡಬೇಕು. ಬೆಲ್ಜಿಯಮಿನ ಜಸ್ಟೀನ್ ಎನಾಂ ಐದೂವರೆ ಅಡಿಯ ದೇಹದಿಂದಲೇ ಏಳು ಮಹಾಪ್ರಶಸ್ತಿಗಳನ್ನು ಗೆದ್ದರು. ಎದುರಾಳಿಯ ಚೆಂಡು ಎಲ್ಲಿಗೆ ಬರುವುದೆಂದು ಮುಂಚಿತವಾಗಿ ಊಹಿಸುವುದು, ಕಾಲಿಡುವ ಕ್ರಮ, ಚೆಂಡನ್ನು ಇಟ್ಟಕಡೆ ಇಡುವ ಕೈಚಳಕ, ಇವು ಎತ್ತರವನ್ನು ಕೇಳುವುದಿಲ್ಲ.

ಹೆಣ್ಣುಮಗಳಿಗೆ ಕಲಿಸುವವರು ವಿಶೇಷವಾಗಿ ಗಮನಿಸಬೇಕಾದ ಭೇದಗಳೂ ಉಂಟು. ಓಡುತ್ತ ತಟ್ಟನೆ ನಿಂತು ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಣ ಕಟ್ಟು ಹರಿಯುವ ಅಪಾಯವು ಹೆಂಗಸರಿಗೆ ಹೆಚ್ಚು. ಫುಟ್‌ಬಾಲ್, ಬಾಸ್ಕೆಟ್‌ಬಾಲುಗಳಲ್ಲಿ ಇದು ಗಂಡಸರದಕ್ಕಿಂತ ಎರಡು ಪಟ್ಟಿಗೂ ಮೀರಿದೆ. ಹಾರಿದ ಮೇಲೆ ಮೊಣಕಾಲನ್ನು ಒಳಕ್ಕೆ ವಾಲಿಸದೆ ಬಗ್ಗಿಸಿ ಇಳಿಯುವುದನ್ನೂ, ತೊಡೆಯ ಹಿಂಭಾಗವನ್ನು ಬಲಪಡಿಸುವ ವ್ಯಾಯಾಮವನ್ನೂ ಮೊದಲಿನಿಂದಲೇ ಕಲಿಸಿದರೆ ಈ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸಬಹುದು. ತಿಂಗಳ ಮುಟ್ಟಿನ ವಿಷಯವನ್ನು ಮುಚ್ಚಿಡುವುದೂ ಸರಿಯಲ್ಲ. ೨೦೨೨ರಲ್ಲಿ ಪ್ಯಾರಿಸಿನ ಪಂದ್ಯಾವಳಿಯಲ್ಲಿ ಸೋತ ಚೀನಾದ ಝೆಂಗ್ ಚಿನ್‌ವೆನ್ ತನ್ನನ್ನು ಕಾಡಿದ್ದು ಮುಟ್ಟಿನ ಹೊಟ್ಟೆನೋವೆಂದು ಸಂಕೋಚವಿಲ್ಲದೆ ಹೇಳಿದರು. ಅಡಿಯಿಂದ ಮುಡಿಯವರೆಗೆ ಬಿಳಿಯುಡುಪನ್ನೇ ವಿಧಿಸುವ ವಿಂಬಲ್ಡನ್ ಕೂಡ ೨೦೨೩ರಿಂದ ಹೆಂಗಸರು ಒಳಗೆ ಗಾಢವರ್ಣದ ಚಡ್ಡಿಯನ್ನು ಧರಿಸಬಹುದೆಂದು ಒಪ್ಪಿಕೊಂಡಿದೆ. ವಿಂಬಲ್ಡನ್ ಒಪ್ಪಿದುದನ್ನು ನಮ್ಮ ಶಾಲೆಗಳೂ ಒಪ್ಪಬಹುದಲ್ಲವೆ?

ಈಗ ಮನೆಯ ಮಾತಿಗೆ ಬರೋಣ. ಹೆಂಗಸಿನ ರಕ್ತದಲ್ಲಿ ಹೀಮೋಗ್ಲೋಬಿನ್ ಗಂಡಸಿನದಕ್ಕಿಂತ ಶೇಕಡಾ ಹತ್ತು ಹನ್ನೆರಡರಷ್ಟು ಕಡಮೆಯಿರುವುದು ಸ್ವಾಭಾವಿಕ. ಆದರೆ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯುಂಟು. ಹೆಣ್ಣಿಗೆ ಸಹಜವಾದ ಮಟ್ಟಕ್ಕೂ ಕೆಳಗಿಳಿದ ಈ ಕೊರತೆಯು ನಿಸರ್ಗದ್ದಲ್ಲ. ಇದರ ಬಹುಪಾಲು ಊಟದ ಎಲೆಯದು. ಕಡೆಗೆ ಉಳಿದುದನ್ನು ಉಣ್ಣುವ ಹುಡುಗಿಯು ಅಂಗಳದಲ್ಲಿ ಬೇಗ ಏದುಸಿರು ಬಿಟ್ಟರೆ, ಅದನ್ನು ಹೆಣ್ಣಿನ ದೌರ್ಬಲ್ಯವೆನ್ನುವುದು ಅನ್ಯಾಯ. ಸೊಪ್ಪು, ಹುರುಳಿ, ಕಾಳುಗಳನ್ನು ನಿಂಬೆಯ ಹುಳಿಯೊಡನೆ ಕೊಡಿ. ಎಲುಬಿಗೆ ರಾಗಿಯೂ ಹಾಲೂ ಇರಲಿ. ಊಟದ ಜೊತೆಯಲ್ಲಿಯೇ ಕಾಫಿ ಚಹಾಗಳು ಬೇಡ. ಸುಸ್ತು ಹೆಚ್ಚಾಗಿದ್ದರೆ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು ಅಜ್ಜಿಯವರಿಗೆ. ೧೯೯೫ರಲ್ಲಿ ಫಿನ್ಲೆಂಡ್ ದೇಶದ ಸಂಶೋಧಕರು, ಟೆನ್ನಿಸ್ ಮತ್ತು ಸ್ಕ್ವಾಷ್ ಆಡುವ ಹೆಂಗಸರ ಎರಡು ತೋಳುಗಳ ಎಲುಬುಗಳನ್ನೂ ಅಳೆದು ಹೋಲಿಸಿದ ಫಲವನ್ನು ಪ್ರಕಟಿಸಿದರು. ಆಡುವ ತೋಳಿನ ಎಲುಬು ಎಲ್ಲರಲ್ಲಿಯೂ ಹೆಚ್ಚು ಗಟ್ಟಿಯಾಗಿದ್ದಿತು. ಆದರೆ ಮೈನೆರೆಯುವ ಮೊದಲು ಅಥವಾ ಆ ಸಮಯಕ್ಕೆ ಆಟವನ್ನು ಆರಂಭಿಸಿದವರಿಗೆ ದೊರೆತ ಲಾಭವು, ಅನಂತರ ಆರಂಭಿಸಿದವರದಕ್ಕಿಂತ ಸುಮಾರು ಎರಡರಷ್ಟಿದ್ದಿತು. ಮುಪ್ಪಿನಲ್ಲಿ ಹೆಂಗಸರ ಎಲುಬು ಗಂಡಸರದಕ್ಕಿಂತ ಬೇಗ ಸವೆಯುತ್ತದೆ. ಜಾರಿಬಿದ್ದು ಸೊಂಟ ಮುರಿದುಕೊಂಡ ವೃದ್ಧೆಯರನ್ನು ನಾವೆಲ್ಲರೂ ಕಂಡಿದ್ದೇವೆ. ಎಪ್ಪತ್ತರಲ್ಲಿ ಖರ್ಚಾಗುವ ಬಂಡವಾಳವನ್ನು ಹನ್ನೆರಡರ ಸುತ್ತಿನಲ್ಲಿ ಕೂಡಿಡಬೇಕು. “ದೊಡ್ಡವಳಾದಳು, ಸಾಕು” ಎಂದು ನಮ್ಮ ಮನೆಗಳಲ್ಲಿ ಆಟವನ್ನು ಬಿಡಿಸುವ ವಯಸ್ಸೇ, ಎಲುಬು ಆಟವನ್ನು ಬೇಡುವ ವಯಸ್ಸು.

ಕಾಗದ ಬರೆದ ಮಹನೀಯರಿಗೆ ನಮ್ಮ ಸಲಹೆಯಿಷ್ಟು. ಮಗಳನ್ನು ಬಿಡಿಸಬೇಡಿ. ಅವಳ ಆಟದ ಬೆಲೆಯನ್ನು ಅವಳ ಓರಗೆಯ ಹುಡುಗಿಯರೊಡನೆ ಅಳೆಯಿರಿ, ಅಣ್ಣನೊಡನೆ ಅಲ್ಲ. ಅಣ್ಣನೊಡನೆ ಆಡುವುದನ್ನು ನಿಲ್ಲಿಸಲೂ ಬೇಡಿ; ಅವನ ರಭಸದ ಚೆಂಡನ್ನು ಹಿಂತಿರುಗಿಸಿ ರೂಢಿಯಾದವಳಿಗೆ ಹುಡುಗಿಯರ ಪಂದ್ಯದಲ್ಲಿ ಯಾವ ಚೆಂಡೂ ಭಯಹುಟ್ಟಿಸದು. ವಾರಕ್ಕೊಮ್ಮೆ ಇಬ್ಬರನ್ನೂ ಬಲೆಯ ಒಂದೇ ಕಡೆಗೆ ನಿಲ್ಲಿಸಿ ಜೋಡಿಯಾಟ ಆಡಿಸಿ. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು ೨೦೧೭ರಲ್ಲಿ ಪ್ಯಾರಿಸಿನಲ್ಲಿ ತಮ್ಮ ಮೊದಲನೆಯ ಮಹಾಪ್ರಶಸ್ತಿಯನ್ನು ಗೆದ್ದುದು ಮಿಶ್ರ ಜೋಡಿಯಾಟದಲ್ಲಿಯೇ, ಕೆನಡಾದ ಗಾಬ್ರಿಯೇಲಾ ಡಬ್ರೋವ್ಸ್ಕಿಯವರ ಜೊತೆಯಲ್ಲಿ. ಮೊದಲನೆಯ ಸೆಟ್ಟನ್ನು ಸೋತು, ಎರಡನೆಯದನ್ನು ಗೆದ್ದು, ಕೊನೆಯದನ್ನು ೧೨–೧೦ರಿಂದ ಮುಗಿಸಿದರು. ಅಲ್ಲಿ ಒಬ್ಬರ ಎತ್ತರವೂ ಇನ್ನೊಬ್ಬರ ಚುರುಕೂ ಒಂದೇ ಅಂಕಕ್ಕಾಗಿ ದುಡಿದುವು.

ಈ ಲೇಖನವನ್ನು ತಂದೆಯವರು ತಾವು ಓದಿ ಮುಗಿಸಿದ ಮೇಲೆ ಮಗಳ ಕೈಗೇ ಕೊಡಲಿ. ಅವಳಿಗೆ ಇನ್ನೂ ಸಂದೇಹವುಳಿದರೆ ಅವಳೇ ನಮಗೆ ಬರೆಯಲಿ. ಸಂತೋಷದಿಂದ ಉತ್ತರ ಕೊಡುವೆವು.