ಹಿಮಾಲಯದ ಊರೂ ಭೀಮೆಯ ತೀರವೂ

ಕೆಲವು ವರುಷಗಳ ಕೆಳಗೆ ನಾವು ಮನೆಮಂದಿಯೊಡನೆ ದಾರ್ಜಿಲಿಂಗಿಗೆ ಹೋಗಿದ್ದೆವು. ಚಿತ್ತಾಪುರದ ಬಿಸಿಲಿನಲ್ಲಿ ಬೆಂದವರಿಗೆ ಅಲ್ಲಿಯ ಚಳಿಯೇ ಒಂದು ಸುಖವು. 8586 ಮೀಟರು ಎತ್ತರದ ಕಾಂಚನಗಂಗೆಯು ನಸುಕಿನಲ್ಲಿ ಮೊದಲು ಕೆಂಪಾಗಿ, ಬಳಿಕ ಹೊನ್ನಾಗಿ, ಕಡೆಗೆ ಬೆಳ್ಳಗಾದುದನ್ನು ಕಂಬಳಿ ಹೊದ್ದು ನೋಡಿದೆವು. ಘೂಮದ ಬೌದ್ಧ ಮಠದಲ್ಲಿ ಮುದುಕಿಯರು ಮಂತ್ರಚಕ್ರವನ್ನು ತಿರುಗಿಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನಮ್ಮ ತಾಯಿಯವರೂ ಯಾರನ್ನೂ ಕೇಳದೆ ಅವರ ಬೆನ್ನಹಿಂದೆ ಸುತ್ತಿದರು. ಅಲ್ಲಿಯ ವೃದ್ಧ ಭಿಕ್ಷುವೊಬ್ಬರು, "ನಿಮ್ಮ ಸೀಮೆಯಲ್ಲಿಯೂ ಬುದ್ಧದೇವನ ಸ್ಥಾನಗಳುಂಟೆ?" ಎಂದು ಹಿಂದಿಯಲ್ಲಿ ವಿಚಾರಿಸಿದರು. "ಇಲ್ಲ" ಎಂದೆವು.

ನಾವು ಆಡಿದ್ದು ಎಂತಹ ಸುಳ್ಳೆಂಬುದು ಊರಿಗೆ ಮರಳಿದ ಮೇಲೆ ತಿಳಿಯಿತು.

ಭೀಮಾತೀರದ ಸನ್ನತಿಯ ಚಂದ್ರಲಾಂಬೆಯು ನಮ್ಮ ಮನೆದೇವರು. ವಾಡಿಯ ಆಚೆಗೆ ನಾಲವಾರ ನಿಲ್ದಾಣದಲ್ಲಿಳಿದು ನಮ್ಮ ಹಿರಿಯರು ತಲೆತಲಾಂತರದಿಂದ ಅಲ್ಲಿಗೆ ನಡೆದುಕೊಂಡವರು. ಚಿಕ್ಕಂದಿನಲ್ಲಿ ನಾವೂ ಆ ಆವಾರದ ಕಾಳಿಯ ಗುಡಿಯಲ್ಲಿ ಅಡ್ಡಬಿದ್ದಿದ್ದೇವೆ. 1986ರಲ್ಲಿ ಆ ಗುಡಿಯ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾಯಿತು. ಅದರ ಪೀಠಕ್ಕೆ ಆಧಾರವಾಗಿದ್ದ ಬಂಡೆಯಲ್ಲಿಯೇ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಅಶೋಕನ ಶಾಸನಗಳು ಕಂಡವು! ಅವುಗಳಲ್ಲೊಂದು ಹನ್ನೆರಡನೆಯ ಶಾಸನವು: ತನ್ನ ಮತವನ್ನೇ ಹೊಗಳಿ ಪರಮತವನ್ನು ಹಳಿಯಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದೇ ಅದರ ಅಭಿಪ್ರಾಯವು. ಅಂತಹ ಮಾತನ್ನು ಹೊತ್ತ ಕಲ್ಲು ಅನ್ಯಮತದ ದೇವಿಯನ್ನು ತಲೆಯ ಮೇಲಿರಿಸಿಕೊಂಡು ಮೌನವಾಗಿತ್ತು. ಅದನ್ನು ಕೂಡಿಸಿದ ಕಲ್ಲುಕುಟಿಗನಿಗೆ ಅಕ್ಷರ ತಿಳಿದಿರಲಿಕ್ಕಿಲ್ಲ. ಓದು ಬಲ್ಲ ನಮಗಾದರೂ ಏನು ತಿಳಿದಿತ್ತು?

ಅಲ್ಲಿಂದ ಕನಗನಹಳ್ಳಿ ಕಾಲ್ನಡಿಗೆಯ ದೂರವು. 1994ರಿಂದೀಚೆಗೆ ಅಗೆದಾಗ ಮಹಾಸ್ತೂಪವೊಂದು ಹೊರಬಂದಿತು. ಅದರ ಚಪ್ಪಡಿಗಳು ನಮ್ಮ ಸೀಮೆಯ ಸುಣ್ಣದ ಕಲ್ಲಿನವು. ಅಡಿಗೆಮನೆಗೆ ಹಾಸುವ ಶಹಾಬಾದ ಕಲ್ಲಿನ ಕುಲದವು. ಒಂದು ಚಪ್ಪಡಿಯಲ್ಲಿ ಅರಸನೊಬ್ಬನು ರಾಣಿಯೊಡನೆ ನಿಂತಿದ್ದಾನೆ. ಪರಿವಾರದ ಸ್ತ್ರೀಯರು ಛತ್ರಚಾಮರ ಹಿಡಿದಿದ್ದಾರೆ. ಮೇಲೆ 'ರಾಯ ಅಸೋಕೋ' ಎಂದು ಬರೆದಿದೆ. ಹೆಸರು ಸಹಿತವಾದ ಅಶೋಕನ ಇಂತಹ ಚಿತ್ರವು ಬಹಳ ವಿರಳ. ನಾವು ಹೋದಾಗ ಎಷ್ಟೋ ಶಿಲ್ಪಗಳು ಬಯಲಿನಲ್ಲಿಯೇ ಸಾಲಾಗಿ ಮಲಗಿದ್ದವು. ಒಂದು ಮೇಕೆಯು ಅವುಗಳ ನೆರಳನ್ನು ಹುಡುಕುತ್ತಿತ್ತು. ವಾಚಕರು ಹೋಗುವದಾದರೆ ಚಳಿಗಾಲದಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಆ ಕಲ್ಲುಗಳ ಮೇಲೆ ಕಾಲಿಡಲಾಗದು.

ತಾಯಿಯವರು ಚಪ್ಪಲಿಯನ್ನು ಕಳಚಿ, ಈ ಸಲವೂ ಯಾರನ್ನೂ ಕೇಳದೆ, ಸ್ತೂಪವನ್ನು ಸುತ್ತಿ ಬಂದರು. "ಆ ಮಠದ ಅಜ್ಜನಿಗೆ ಒಂದು ಕಾಗದ ಬರಿಯಪ್ಪಾ, 'ಉಂಟು' ಅಂತ" ಎಂದರು. ಭಿಕ್ಷುವಿನ ಹೆಸರನ್ನು ನಾವು ಕೇಳಿರಲಿಲ್ಲ. 'ಬೌದ್ಧ ಮಠ, ಘೂಮ' ಎಂದಷ್ಟೇ ವಿಳಾಸ ಬರೆದು ಅಂಚೆಗೆ ಹಾಕಿದೆವು.