ಹೆಸರು ಹಿಡಿದು ಕರೆದ ಸಂಜೆ



ನವೆಂಬರ್ ಬಂತೆಂದರೆ ನಮಗೆಲ್ಲ ರಾಜ್ಯೋತ್ಸವದ ಸಂಭ್ರಮ. ಮಕ್ಕಳ ನೃತ್ಯದ ತಾಲೀಮು, ಸಭಾಂಗಣದ ಬಾಡಿಗೆ, ಊಟದ ಲೆಕ್ಕ ಎಲ್ಲವೂ ಒಟ್ಟಿಗೆ ನಡೆಯುತ್ತಿರುತ್ತವೆ. ಈ ಸಡಗರದ ನಡುವೆ ಸಾವಿನ ಮಾತೆತ್ತುತ್ತಿರುವುದಕ್ಕೆ ಕ್ಷಮೆಯಿರಲಿ. ಹಲವು ವರ್ಷಗಳಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಸಂಜೆಯ ಅನುಭವವನ್ನೂ, ಅದರಿಂದ ಹುಟ್ಟಿದ ಒಂದು ಕೋರಿಕೆಯನ್ನೂ ತಮ್ಮ ಮುಂದಿಡಬೇಕೆನಿಸಿದೆ.

2021ರ ಮೇ ತಿಂಗಳಿನಲ್ಲಿ ನನ್ನ ತಂದೆಯವರು ಮೈಸೂರಿನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅದಕ್ಕೆ ಕೆಲವೇ ವಾರಗಳ ಮುಂಚೆ, ಏಪ್ರಿಲ್ 23ರಂದು, ಬ್ರಿಟನ್ ಸರ್ಕಾರ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ಊರಿಗೆ ಹೋಗಿ ಮರಳಿದವರು ಹತ್ತು ದಿನ ಹೋಟೆಲಿನಲ್ಲಿ ಪ್ರತ್ಯೇಕವಾಗಿರಬೇಕಿತ್ತು. ನಾನು ಇಲ್ಲಿನ ಆಸ್ಪತ್ರೆಯಲ್ಲಿ ಬೇರೆಯವರ ತಂದೆತಾಯಂದಿರಿಗೆ ಚಿಕಿತ್ಸೆ ನೀಡುತ್ತಿದ್ದೆ. ನನ್ನ ತಂದೆಯವರ ಚಿತೆಯೆದುರು ತಮ್ಮ ದೂರದಲ್ಲಿ ಕೈಮುಗಿದು ನಿಂತದ್ದನ್ನು ಮೊಬೈಲಿನ ಪರದೆಯ ಮೇಲೆ ನೋಡಿದೆ. ಆ ಕರೆಯೂ ನಡುವೆ ಎರಡು ಬಾರಿ ಕಡಿದುಹೋಯಿತು.

ಸುದ್ದಿ ತಿಳಿದೊಡನೆ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಓಂ ಶಾಂತಿ’ ಎಂಬ ಸಂದೇಶಗಳು ಸಾಲಾಗಿ ಬಂದವು. ಅವುಗಳ ಕೆಳಗೇ ವಾರಾಂತ್ಯದ ಆನ್‌ಲೈನ್ ರಸಪ್ರಶ್ನೆಯ ಪ್ರಕಟಣೆಯೂ ಬಂತು. ನಾನು ಯಾರನ್ನೂ ದೂರುತ್ತಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಸದಸ್ಯರೊಬ್ಬರ ತಾಯಿ ಊರಿನಲ್ಲಿ ತೀರಿಕೊಂಡಾಗ ನಾನೂ ಜೋಡಿಸಿದ ಕೈಗಳ ಚಿತ್ರವೊಂದನ್ನು ಕಳುಹಿಸಿ ಸುಮ್ಮನಾಗಿದ್ದೆ. ಅವರ ಮನೆ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ.

ನಮ್ಮ ಮನೆತನದಲ್ಲಿ ವರ್ಷಾಬ್ದಿಕ ಮುಗಿಯುವ ತನಕ ಹಬ್ಬವಿಲ್ಲ. ಹೀಗಾಗಿ ಆ ವರ್ಷದ ದೀಪಾವಳಿ ಮತ್ತು ರಾಜ್ಯೋತ್ಸವದ ಸಮಾರಂಭಕ್ಕೆ ನಾನು ಹೋಗಲಿಲ್ಲ. ಮರುದಿನ, ನವೆಂಬರ್ ತಿಂಗಳ ಮೊದಲ ಭಾನುವಾರ, ನಮ್ಮ ವಾರ್ಡಿನ ಹಿರಿಯ ದಾದಿಯೊಬ್ಬರ ಕರೆಯ ಮೇರೆಗೆ ಅವರ ಚರ್ಚಿಗೆ ಹೋದೆ. ‘ಸಕಲ ಆತ್ಮಗಳ ದಿನ’ದ ಅಂಗವಾಗಿ, ಆ ವರ್ಷ ಆಪ್ತರನ್ನು ಕಳೆದುಕೊಂಡವರಿಗಾಗಿ ನಡೆಯುವ ಪ್ರಾರ್ಥನೆ ಅದು.

ಆ ಸಭೆಗೆ ನಾಲ್ಕು ದಿನ ಮುಂಚೆ ಅಲ್ಲಿನ ಪಾದ್ರಿಯವರು ನನಗೆ ದೂರವಾಣಿ ಕರೆ ಮಾಡಿದ್ದರು. ನನ್ನ ತಂದೆಯ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಕೇಳಿದರು. ಒಂದೊಂದೇ ಅಕ್ಷರವನ್ನು ಹೇಳಿಸಿಕೊಂಡು, ಬರೆದುಕೊಂಡು, ಸರಿಯಾಗಿ ಬರುವ ತನಕ ನನ್ನೆದುರು ಮತ್ತೆ ಮತ್ತೆ ಹೇಳಿದರು. ನಮ್ಮ ಹೆಸರುಗಳು ಈ ದೇಶದಲ್ಲಿ ಏನೇನಾಗುತ್ತವೆಂಬುದು ತಮಗೆಲ್ಲ ಗೊತ್ತೇ ಇದೆ. ಸುಲಭವಾಗಲೆಂದು ನನ್ನ ಹೆಸರನ್ನು ನಾನೇ ತುಂಡರಿಸಿಕೊಂಡು ಹದಿನೈದು ವರ್ಷಗಳಾಗಿದ್ದವು.

ಅಂದು ಸಂಜೆ ತಣ್ಣನೆಯ ಆ ಕಲ್ಲಿನ ಕಟ್ಟಡದಲ್ಲಿ ಸುಮಾರು ಅರವತ್ತು ಜನರಿದ್ದರು. ಹೆಸರುಗಳನ್ನು ಒಂದೊಂದಾಗಿ, ಅವಸರವಿಲ್ಲದೆ ಓದಿದರು. ಪ್ರತಿ ಹೆಸರಿಗೂ ಒಬ್ಬೊಬ್ಬರು ಎದ್ದುಹೋಗಿ ಮೇಣದಬತ್ತಿ ಹಚ್ಚಿದರು. ಆ ಹೆಸರುಗಳ ನಡುವೆ ನನ್ನ ತಂದೆಯ ಹೆಸರು, ಮೈಸೂರಿನ ನಮ್ಮ ಬೀದಿಯಲ್ಲಿ ಕರೆಯುತ್ತಿದ್ದಂತೆಯೇ, ಸ್ಪಷ್ಟವಾಗಿ ಕೇಳಿಸಿತು. ಆರು ತಿಂಗಳಿನಿಂದ ಅಳದಿದ್ದ ನಾನು ಅಲ್ಲಿ ಅತ್ತೆ. ಪಕ್ಕದಲ್ಲಿದ್ದ ಅಪರಿಚಿತ ವೃದ್ಧರೊಬ್ಬರು ಏನೂ ಹೇಳದೆ ಸ್ವಲ್ಪ ಹತ್ತಿರಕ್ಕೆ ಸರಿದು ಕುಳಿತರು. ಬಳಿಕ ಚಹಾ ಕುಡಿಯುತ್ತಾ, ‘ನಿಮ್ಮ ತಂದೆ ಎಂಥವರು?’ ಎಂದು ಕೇಳಿದರು. ಅಲ್ಲಿಯವರೆಗೆ ಈ ದೇಶದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಮರುವರ್ಷದ ಮೇ ತಿಂಗಳಿನಲ್ಲಿ, ತಂದೆ ತೀರಿಕೊಂಡ ದಿನಕ್ಕೆ ಸರಿಯಾಗಿ, ಆ ಚರ್ಚಿನಿಂದ ಕೈಬರಹದ ಪುಟ್ಟ ಕಾರ್ಡೊಂದು ಬಂತು.

ನಾನು ಕ್ರೈಸ್ತನಲ್ಲ, ಆಗಬೇಕೆಂದು ಅಲ್ಲಿ ಯಾರೂ ಸೂಚಿಸಲೂ ಇಲ್ಲ. ಕನ್ನಡಿಗರಿಗೆ ಚರ್ಚು ಅಪರಿಚಿತವೂ ಅಲ್ಲ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್ ಇಬ್ಬರೂ ಬಾಸೆಲ್ ಮಿಷನ್ನಿನವರು. ನಾನು ಹುಟ್ಟಿದ್ದು ಕೂಡ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿಯೇ.

ಆ ಸಂಜೆಯ ನಂತರ ಈ ಆಚರಣೆಯ ಇತಿಹಾಸವನ್ನು ಕುತೂಹಲದಿಂದ ಓದಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ ನವೆಂಬರ್ 2ನ್ನು ಮೃತರ ಸ್ಮರಣೆಗೆ ಮೀಸಲಿಟ್ಟನು. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಇಂಗ್ಲೆಂಡಿನ ಚರ್ಚು ಅದನ್ನು ಕೈಬಿಟ್ಟಿತು. ಅದು ಮತ್ತೆ ವ್ಯಾಪಕವಾಗಿ ಬೇರೂರಿದ್ದರ ಹಿಂದೆ ಮೊದಲ ಮಹಾಯುದ್ಧದ ದುಃಖವಿದೆ. ಯುದ್ಧದಲ್ಲಿ ಮಡಿದ ಸೈನಿಕರ ದೇಹಗಳನ್ನು ತಾಯ್ನಾಡಿಗೆ ತರುವುದಿಲ್ಲವೆಂದು ಬ್ರಿಟಿಷ್ ಸರ್ಕಾರ ನಿರ್ಧರಿಸಿತ್ತು. ಮಗನ ಮುಖ ನೋಡದೆ, ಮಣ್ಣು ಹಾಕದೆ ಉಳಿದ ಲಕ್ಷಾಂತರ ತಾಯಂದಿರಿಗೆ ದುಃಖಿಸಲು ಒಂದು ತಾವು ಬೇಕಾಗಿತ್ತು. ಕೈಬಿಟ್ಟಿದ್ದ ಪದ್ಧತಿಯನ್ನು ಜನರ ಅಗತ್ಯ ಹೀಗೆ ಮರಳಿ ತಂದಿತು. ಅಂತ್ಯಸಂಸ್ಕಾರಕ್ಕೆ ತಲುಪಲಾಗದೆ ಉಳಿದ ನಮ್ಮಂಥವರಿಗೆ ಆ ತಾಯಂದಿರ ಸಂಕಟ ಅರ್ಥವಾಗದೆ ಇರದು.

ನಮ್ಮ ಸಂಘದ ಬಗ್ಗೆ ನನ್ನಲ್ಲಿ ಹೊಸ ಆಸೆ ಚಿಗುರಿದ್ದು ಇದರಿಂದಲೇ. ನಾವು ಸೇರುವುದು ಹಬ್ಬಗಳಲ್ಲಿ ಮಾತ್ರ. ಸಾವಾದ ಮನೆಗೆ, ನಮ್ಮಲ್ಲಿ ಹಲವರ ಸಂಪ್ರದಾಯದಂತೆ, ಒಂದು ವರ್ಷ ಹಬ್ಬವಿಲ್ಲ. ಎಂದರೆ, ಜನರ ಜೊತೆ ಅತ್ಯಂತ ಬೇಕಾದ ವರ್ಷದಲ್ಲಿಯೇ ಆ ಮನೆಯವರು ಸಂಘದಿಂದ ಹೊರಗುಳಿಯುತ್ತಾರೆ. ಊರಿನಲ್ಲಿ ಹೀಗಾಗುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದಿದ್ದರೆ ನೆರೆಮನೆಯಿಂದ ಅಡುಗೆ ಬರುತ್ತಿತ್ತು. ತಿಂಗಳುಗಟ್ಟಲೆ ಜನ ‘ಮಾತನಾಡಿಸಿಕೊಂಡು ಹೋಗಲು’ ಬರುತ್ತಿದ್ದರು. ವಿದೇಶಕ್ಕೆ ಬರುವಾಗ ನಾವು ಹಬ್ಬಗಳನ್ನು ತಂದೆವು, ಆ ಮಾತನಾಡಿಸುವಿಕೆಯನ್ನು ಅಲ್ಲಿಯೇ ಬಿಟ್ಟುಬಂದೆವು.

ಸಂಘದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಸ್ವಯಂಸೇವಕ ವೈದ್ಯನಾಗಿ ಕುಳಿತಾಗ ಇದರ ಪರಿಣಾಮವನ್ನು ಕಂಡಿದ್ದೇನೆ. ನಿದ್ರೆ ಬರುತ್ತಿಲ್ಲ, ಎದೆ ಭಾರ ಎನ್ನುತ್ತಾ ಬಂದವರು ರಕ್ತದೊತ್ತಡದ ಪಟ್ಟಿ ಬಿಚ್ಚುವಾಗ, ‘ಅಮ್ಮ ಹೋಗಿ ಎಂಟು ತಿಂಗಳಾಯಿತು ಡಾಕ್ಟ್ರೇ’ ಎನ್ನುತ್ತಾರೆ. ಎದೆಭಾರಕ್ಕೆ ಪರೀಕ್ಷೆ ಮಾಡಿಸಲೇಬೇಕು. ಆದರೆ ಪರೀಕ್ಷೆಯ ವರದಿ ಸರಿಯಿದ್ದರೂ ಇಳಿಯದ ಭಾರಕ್ಕೆ ನನ್ನ ಔಷಧಚೀಟಿಯಲ್ಲಿ ಬರೆಯುವಂಥದ್ದು ಏನೂ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ರಾಜ್ಯೋತ್ಸವದ ನಂತರದ ಒಂದು ಶನಿವಾರ ಮಧ್ಯಾಹ್ನ, ವರ್ಷಕ್ಕೊಮ್ಮೆ, ನಾವು ಸ್ಮರಣೆಗಾಗಿ ಸೇರೋಣ. ಮಂಗಳ ಸಮಾರಂಭದಲ್ಲಿ ಸಾವಿನ ಮಾತು ಬೇಡವೆಂಬ ಹಿರಿಯರ ಆಕ್ಷೇಪ ಸಹಜವಾದದ್ದು. ಆದ್ದರಿಂದಲೇ ಬೇರೆ ದಿನ. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಜೈನರಿದ್ದಾರೆ; ಆದ್ದರಿಂದ ಮಂತ್ರ, ವಿಧಿಗಳು ಬೇಡ. ಆ ವರ್ಷ ಅಗಲಿದವರ ಹೆಸರನ್ನು ಸರಿಯಾಗಿ ಓದುವುದು, ಒಂದು ದೀಪ ಹಚ್ಚುವುದು, ಬಳಿಕ ಕಾಫಿ, ಉಪ್ಪಿಟ್ಟು. ಜೊತೆಗೆ, ಸಾವಿನ ಸುದ್ದಿ ಬಂದ ವಾರದೊಳಗೆ ಹತ್ತಿರದ ಎರಡು ಕುಟುಂಬದವರು ಆ ಮನೆಗೆ ಹೋಗಿ ಬರಲಿ. ಸೂತಕವೆಂದು ಸಂಕೋಚಪಡುವವರು ಅದು ಕಳೆದ ಮೇಲೆ ಹೋಗಲಿ. ತಿಂಗಳ ನಂತರ ಒಂದು ದೂರವಾಣಿ ಕರೆ, ವರ್ಷ ತುಂಬಿದ ದಿನ ಮತ್ತೊಂದು. ಇದಕ್ಕೆ ಹಣ ಬೇಡ, ಒಂದು ನೋಟುಪುಸ್ತಕ ಸಾಕು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ನಾನು ಹೊರುತ್ತೇನೆ.

ಎರಡು ವರ್ಷ ತಡವಾಗಿ ಕೈಮುಗಿದ ಚಿತ್ರ ಕಳುಹಿಸಿದ್ದ ಆ ಸದಸ್ಯರ ಮನೆಗೆ ಹೋದೆ. ಅವರ ತಾಯಿ ಎಂಥವರೆಂದು ಕೇಳಿದೆ. ಅಂದು ರಾತ್ರಿ ಹನ್ನೊಂದರವರೆಗೂ ಅವರು ಹೇಳಿದರು, ನಾನು ಕೇಳಿದೆ. ಆ ನೋಟುಪುಸ್ತಕದ ಮೊದಲ ಪುಟದಲ್ಲಿ ಅವರ ತಾಯಿಯ ಹೆಸರನ್ನು ಬರೆದಿಟ್ಟಿದ್ದೇನೆ. ಈ ವರ್ಷ ತಮ್ಮ ಮನೆಯಿಂದ ಯಾರಾದರೂ ಅಗಲಿದ್ದರೆ ದಯಮಾಡಿ ತಿಳಿಸಿ. ಅವರ ಹೆಸರನ್ನು ಹೇಗೆ ಕರೆಯುತ್ತಿದ್ದಿರೆಂದೂ ಹೇಳಿ.